ಇದು ಫೈಟಿಂಗೋ, ಸ್ಪೋರ್ಟ್ಸೋ? ಗೇಮಿನ ಜಾನರ್ (ಬಗೆ) ಗುರುತಿಸುವುದು ಹೀಗೆ

ಮುಂಬೈ ಕಡೆಯ ಡೊಂಬಿವಲಿಯಲ್ಲೋ ಠಾಣೆಯಲ್ಲೋ ಸೊಸೈಟಿ ಗಣಪತಿಗೆ, ಇಲ್ಲವೇ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಮಕ್ಕಳ ವಿಡಿಯೋ ಗೇಮ್ ಸ್ಪರ್ಧೆ ನಡೆಸುವ ಕೆಲಸವನ್ನು ಯಾರಾದರೂ ನಿಮ್ಮ ತಲೆಗೆ ಕಟ್ಟಿದ್ದರೆ ಇದನ್ನು ಓದಿ. ಕೇರಂ, ರಂಗೋಲಿ, ಅಂತ್ಯಾಕ್ಷರಿಗೆ ಯಾರೂ ತಕರಾರು ಮಾಡುವುದಿಲ್ಲ. ಗೇಮಿನ ವಿಷಯದಲ್ಲಿ ಹಾಗಲ್ಲ. ನೋಟಿಸ್ ಬೋರ್ಡಿನಲ್ಲಿ 'ಫೈಟಿಂಗ್‌ಗೆ ಒಂದು ಬಹುಮಾನ, ಸ್ಪೋರ್ಟ್ಸ್‌ಗೆ ಒಂದು ಬಹುಮಾನ' ಎಂದು ಬರೆದು ತಿರುಗುವಷ್ಟರಲ್ಲಿ ಪ್ರಶ್ನೆ ಶುರು. ಬಾಕ್ಸಿಂಗ್ ಯಾವುದಕ್ಕೆ ಬರುತ್ತದೆ ಅಂಕಲ್? ಡಬ್ಲ್ಯುಡಬ್ಲ್ಯುಇ? ಕಾರುಗಳೇ ಫುಟ್‌ಬಾಲ್ ಆಡುವ ರಾಕೆಟ್ ಲೀಗ್? ಅಪ್ಪಂದಿರು ಒಂದು ಉತ್ತರ ಕೊಡುತ್ತಾರೆ, ಮಕ್ಕಳು ಇನ್ನೊಂದು ಕೊಡುತ್ತಾರೆ. ಇಬ್ಬರದ್ದೂ ಅರ್ಧ ಸರಿ.

ಗೊಂದಲದ ಬೇರು ಇಲ್ಲಿದೆ. ಸ್ಪೋರ್ಟ್ಸ್ ಅಂದಾಗ ನಾವು ಗೇಮ್ ಯಾವುದರ ಬಗ್ಗೆ ಎಂದು ಹೇಳುತ್ತಿರುತ್ತೇವೆ. ಫೈಟಿಂಗ್ ಅಂದಾಗ ಅದನ್ನು ಹೇಗೆ ಆಡುತ್ತಾರೆ ಎಂದು ಹೇಳುತ್ತಿರುತ್ತೇವೆ. ಎರಡು ಬೇರೆ ಅಳತೆಗೋಲು. ಮಾಟುಂಗಾದ ಉಡುಪಿ ಹೋಟೆಲಿನ ಮೆನುವಿನಲ್ಲಿ 'ಸೌತ್ ಇಂಡಿಯನ್' ಎಂದು ಒಂದು ಕಡೆ, 'ಜೈನ್' ಎಂದು ಇನ್ನೊಂದು ಕಡೆ ಇರುತ್ತದಲ್ಲ, ಹಾಗೆ. ಒಂದು ಆ ತಿಂಡಿ ಎಲ್ಲಿಯದು ಅಂತ, ಇನ್ನೊಂದು ಅದರಲ್ಲಿ ಏನು ಹಾಕಿಲ್ಲ ಅಂತ. ಈರುಳ್ಳಿ ಆಲೂಗಡ್ಡೆ ಇಲ್ಲದ ಜೈನ್ ಮಸಾಲೆ ದೋಸೆ ಎರಡರ ಕೆಳಗೂ ಬರುತ್ತದೆ, ಅದಕ್ಕೆ ಯಾರೂ ವೇಟರ್ ಜೊತೆ ಜಗಳ ಆಡುವುದಿಲ್ಲ. ಬಾಕ್ಸಿಂಗ್ ಗೇಮಿನ ಕಥೆಯೂ ಅದೇ. ಆದರೆ ಬಹುಮಾನ ಕೊಡಬೇಕಾದಾಗ ಒಂದು ಕಡೆ ಹಾಕಲೇಬೇಕು, ಹಾಗಾಗಿ ಪರೀಕ್ಷೆ ಮಾಡುವ ದಾರಿ ಗೊತ್ತಿರಬೇಕು.

ಮೊದಲು ತೆರೆಯ ಮೇಲಿನ ಚಿತ್ರವನ್ನು ಮರೆಯಿರಿ

ಒದೆ ಕಂಡರೆ ಫೈಟಿಂಗ್, ಚೆಂಡು ಕಂಡರೆ ಸ್ಪೋರ್ಟ್ಸ್. ಎಲ್ಲರೂ ಮೊದಲು ಮಾಡುವುದು ಇದನ್ನೇ, ಮತ್ತು ಇದರಿಂದಲೇ ದಾರಿ ತಪ್ಪುತ್ತದೆ. ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಪಾರ್ಲರಿನಲ್ಲಿ ನಾಣ್ಯ ಹಾಕಿ ಆಡಿದವರಿಗೆ 'ಮುಸ್ತಫಾ' ನೆನಪಿರಬೇಕು. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಆ ಗೇಮಿನ ನಿಜವಾದ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್. ಹಳದಿ ಟೋಪಿಯ ಮುಸ್ತಫಾನ ಹಾರು ಒದೆಯಿಂದಾಗಿ ನಮ್ಮಲ್ಲಿ ಅವನ ಹೆಸರೇ ಗೇಮಿಗೂ ಅಂಟಿತು. ಅದು ಫೈಟಿಂಗ್ ಗೇಮ್ ಎಂದೇ ನಾವೆಲ್ಲ ಹೇಳುತ್ತಿದ್ದೆವು, ಒದೆ ಗುದ್ದು ಬಿಟ್ಟರೆ ಅದರಲ್ಲಿ ಬೇರೇನಿತ್ತು? ಆದರೆ ಗೇಮ್ ಬಲ್ಲವರ ಲೆಕ್ಕದಲ್ಲಿ ಅದು ಫೈಟಿಂಗ್ ಗೇಮ್ ಅಲ್ಲ. ಅದು ಬೀಟ್ ಎಮ್ ಅಪ್. ಅಂದರೆ ನೀವು ಎಡದಿಂದ ಬಲಕ್ಕೆ ನಡೆಯುತ್ತಾ ಹೋಗುತ್ತೀರಿ, ಎದುರಿಗೆ ಗುಂಪು ಗುಂಪಾಗಿ ಬರುವ ರೌಡಿಗಳನ್ನು ಬಡಿಯುತ್ತೀರಿ, ಪಕ್ಕದ ಗೆಳೆಯ ನಿಮ್ಮ ಜೊತೆಗಾರ. 1987ರ ಡಬಲ್ ಡ್ರ್ಯಾಗನ್ ಈ ಸಾಲಿನದು, 1989ರ ಫೈನಲ್ ಫೈಟ್ ಕೂಡ. ಇನ್ನೊಂದು ಮಜಾ ಏನೆಂದರೆ ಈ ಫೈನಲ್ ಫೈಟನ್ನು ಕ್ಯಾಪ್‌ಕಾಮ್ ಮೊದಲು ಸ್ಟ್ರೀಟ್ ಫೈಟರ್ '89 ಎಂಬ ಹೆಸರಲ್ಲಿ ತೋರಿಸಿತ್ತು, ಆಮೇಲೆ ಹೆಸರು ಬದಲಾಯಿಸಿತು. ಮಾಡಿದವರಿಗೇ ಆಗ ಗೆರೆ ಎಲ್ಲಿ ಎಳೆಯಬೇಕು ಎಂಬುದು ಗಟ್ಟಿಯಾಗಿರಲಿಲ್ಲ.

ಗೆರೆ ಗಟ್ಟಿಯಾದದ್ದು 1991ರಲ್ಲಿ, ಸ್ಟ್ರೀಟ್ ಫೈಟರ್ 2 ಬಂದ ಮೇಲೆ. ಇಬ್ಬರು ಎದುರಾಬದುರು. ಇಬ್ಬರಿಗೂ ಸಮನಾದ ಅವಕಾಶ. ಮೇಲೆ ಏಟು ತಿಂದಷ್ಟೂ ಕುಗ್ಗುವ ಎರಡು ಲೈಫ್ ಬಾರ್, ನಡುವೆ ಇಳಿಯುವ ಗಡಿಯಾರ, ಮೂರು ಸುತ್ತಿನಲ್ಲಿ ಎರಡು ಗೆದ್ದವನು ಗೆದ್ದ. ಪ್ರತಿ ಆಟಗಾರನಿಗೂ ಅವನದೇ ವಿಶೇಷ ಏಟುಗಳು. ಒಂದರ ಹಿಂದೆ ಒಂದು ಏಟು ಜೋಡಿಸಿ ಎದುರಾಳಿಗೆ ಉಸಿರಾಡಲು ಬಿಡದ ಕಾಂಬೋ ಇದೆಯಲ್ಲ, ಅದು ಆ ಗೇಮಿನಲ್ಲಿ ಯೋಜನೆ ಮಾಡಿ ಇಟ್ಟದ್ದೇ ಅಲ್ಲ. ತಯಾರಿಕೆಯ ಹೊತ್ತಿನಲ್ಲಿ ಆಕಸ್ಮಿಕವಾಗಿ ಕಣ್ಣಿಗೆ ಬಿತ್ತು, ಹಾಗೇ ಬಿಟ್ಟರು. ಇವತ್ತು ಕಾಂಬೋ ಇಲ್ಲದ ಫೈಟಿಂಗ್ ಗೇಮ್ ಹುಡುಕುವುದೇ ಕಷ್ಟ.

ಈಗ ಪರೀಕ್ಷೆ. ಆಟಗಾರರ ಚಿತ್ರ ತೆಗೆದು ಅಲ್ಲಿ ಬರೀ ಬಣ್ಣದ ಚೌಕಗಳನ್ನು ಇಟ್ಟರೆ ಗೇಮ್ ಉಳಿಯುತ್ತದೆಯೇ? ಫೈಟಿಂಗ್ ಗೇಮ್ ಉಳಿಯುತ್ತದೆ. ಸುಮ್ನೆ ಮಾತಿಗೆ ಹೇಳುತ್ತಿಲ್ಲ, ಗಂಭೀರವಾಗಿ ಆಡುವವರು ಅಭ್ಯಾಸ ಮಾಡುವಾಗ ನೋಡುವುದು ಅದನ್ನೇ. ಹೊಡೆಯುವ ಜಾಗಕ್ಕೆ ಒಂದು ಬಣ್ಣದ ಡಬ್ಬಿ, ಏಟು ತಿನ್ನುವ ಜಾಗಕ್ಕೆ ಇನ್ನೊಂದು ಬಣ್ಣದ ಡಬ್ಬಿ. ಗೇಮ್ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತದೆ, ಒಂದು ಗುದ್ದು ಹೊರಡಲು ಎಷ್ಟು ಫ್ರೇಮ್, ತಾಗುವ ಸ್ಥಿತಿಯಲ್ಲಿ ಎಷ್ಟು ಫ್ರೇಮ್, ಕೈ ವಾಪಸ್ ಬರಲು ಎಷ್ಟು ಫ್ರೇಮ್ ಎಂದು ಲೆಕ್ಕ ಇಟ್ಟುಕೊಂಡು ಆಡುತ್ತಾರೆ. ಅದರ ಮೇಲೆ ಕಲ್ಲು-ಕಾಗದ-ಕತ್ತರಿಯ ಲೆಕ್ಕ: ತಡೆದು ನಿಂತರೆ ಹೊಡೆತ ಕೆಲಸ ಮಾಡುವುದಿಲ್ಲ, ತಡೆದು ನಿಂತವನನ್ನು ಹಿಡಿದು ಎಸೆಯಬಹುದು, ಹಿಡಿಯಲು ಬಂದವನಿಗೆ ಹೊಡೆಯಬಹುದು. ಎದುರಿನವನು ಏನು ಮಾಡುತ್ತಾನೆ ಎಂದು ಊಹಿಸುವುದೇ ಅಸಲಿ ಆಟ. ಇಷ್ಟಕ್ಕೂ ಸ್ಟ್ರೀಟ್ ಫೈಟರಿನ ಆಟಗಾರ ರ‍್ಯೂನ ಬಿಳಿ ಬಟ್ಟೆ ಬೇಕಾಗಿಲ್ಲ.

ಕ್ರಿಕೆಟ್ ಗೇಮಿಗೆ ಇದೇ ಮಾಡಿ ನೋಡಿ. ಬೌಲರ್ ಒಂದು ಚೌಕ, ಚೆಂಡು ಒಂದು ಚುಕ್ಕಿ, ಬ್ಯಾಟ್ ಒಂದು ಗೆರೆ. ಸರಿಯಾದ ಹೊತ್ತಿಗೆ ಬಟನ್ ಒತ್ತುವ ಒಂದು ಆಟ ಉಳಿಯುತ್ತದೆ, ಇಲ್ಲ ಅಂತಲ್ಲ. ಆದರೆ ಅದನ್ನು ಯಾರೂ ಕ್ರಿಕೆಟ್ ಅನ್ನುವುದಿಲ್ಲ. ಸ್ಪೋರ್ಟ್ಸ್ ಗೇಮಿನ ಜೀವ ಅದು ಯಾವುದನ್ನು ಹೋಲುತ್ತದೆ ಎಂಬುದರಲ್ಲಿದೆ.

ನಿಯಮ ಯಾರ ಮನೆಯದು?

ಎರಡನೇ ಪ್ರಶ್ನೆ ಇದು. ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07 ಬಂದದ್ದು 2006ರ ಕೊನೆಗೆ. ನಮ್ಮಲ್ಲಿ ಎಷ್ಟು ಕಂಪ್ಯೂಟರುಗಳಲ್ಲಿ ಅದು ವರ್ಷಗಟ್ಟಲೆ ಓಡಿತು ಎಂದು ಹೇಳಬೇಕಾಗಿಲ್ಲ, ಲ್ಯಾಮಿಂಗ್ಟನ್ ರೋಡಿನಿಂದ ಜೋಡಿಸಿ ತಂದ ಪಿಸಿ ಇದ್ದ ಮನೆಯವರನ್ನು ಕೇಳಿ ಸಾಕು. ಆ ಗೇಮ್ ಆಡಿ ಎಲ್‌ಬಿಡಬ್ಲ್ಯು ಅಂದರೇನು ಎಂದು ಕಲಿತವರು ಯಾರಾದರೂ ಇದ್ದಾರೆಯೇ? ಇಲ್ಲ. ಮೊದಲೇ ಗೊತ್ತಿತ್ತು. ಗಲ್ಲಿಯಲ್ಲಿ ಆಡಿ ಗೊತ್ತಿತ್ತು, ಟಿವಿಯಲ್ಲಿ ನೋಡಿ ಗೊತ್ತಿತ್ತು. ಸ್ಪೋರ್ಟ್ಸ್ ಗೇಮ್ ತನ್ನ ನಿಯಮವನ್ನು ಹೊರಗಿನಿಂದ ಸಾಲ ತರುತ್ತದೆ, ಹಾಗಾಗಿ ಅದಕ್ಕೆ ಕಲಿಸುವ ಕೆಲಸ ಕಡಿಮೆ. ವಿಡಿಯೋ ಗೇಮುಗಳು ಹುಟ್ಟಿದಾಗ ಮೊದಲ ಸಾಲಿನಲ್ಲೇ ಟೆನಿಸ್, ಟೇಬಲ್ ಟೆನಿಸ್ ಇದ್ದುದಕ್ಕೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಆಸಿಲೋಸ್ಕೋಪಿನ ತೆರೆಯ ಮೇಲೆ ಆಡಿದ್ದು ಟೆನಿಸ್. 1972ರಲ್ಲಿ ಅಟಾರಿ ಕಂಪನಿಯ ಪಾಂಗ್ ಬಂದಾಗ ಯಂತ್ರದ ಮೇಲೆ ಬರೆದ ಸೂಚನೆಯ ಸಾರ ಇಷ್ಟೇ: ಚೆಂಡು ತಪ್ಪಿಸಿಕೊಳ್ಳಬೇಡಿ.

ಫೈಟಿಂಗ್ ಗೇಮ್ ಹಾಗಲ್ಲ. ಸ್ಟ್ರೀಟ್ ಫೈಟರಿನಲ್ಲಿ ಕೈಯಿಂದ ಬೆಂಕಿ ಉಂಡೆ ಬಿಡಬೇಕಾದರೆ ಸ್ಟಿಕ್ಕನ್ನು ಕೆಳಗೆ, ಕೆಳಗೆ-ಮುಂದೆ, ಮುಂದೆ ಎಂದು ಉರುಳಿಸಿ ಗುದ್ದಿನ ಬಟನ್ ಒತ್ತಬೇಕು. ಈ ನಿಯಮ ಯಾವ ಊರಿನ ಯಾವ ಗರಡಿಯಲ್ಲೂ ಇಲ್ಲ. ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದವರು ಬಂದು ಕೂತರೂ ಏಳನೇ ಕ್ಲಾಸಿನ ಹುಡುಗನ ಕೈಲಿ ಸೋಲುತ್ತಾರೆ. ನಿಯಮವೆಲ್ಲ ಡಬ್ಬಿಯ ಒಳಗೇ ಹುಟ್ಟಿದ್ದು. ಇಲ್ಲಿ ಹೊರಗಿನ ಜ್ಞಾನಕ್ಕೆ ಬೆಲೆ ಇಲ್ಲ.

ಹಳೆಯ ಗೇಮುಗಳನ್ನು ನೋಡಿದರೆ ಇವೆರಡೂ ಒಂದೇ ಬಾಗಿಲಿನಿಂದ ಬಂದವು ಅನ್ನುವುದೂ ಗೊತ್ತಾಗುತ್ತದೆ. ಮೊದಲ ಫೈಟಿಂಗ್ ಗೇಮ್ ಯಾವುದು ಎಂದು ಕೇಳಿದರೆ ಹಲವರು ಸೆಗಾದ ಹೆವಿವೇಟ್ ಚಾಂಪ್ ಕಡೆ ಕೈ ತೋರಿಸುತ್ತಾರೆ. ಅದು 1976ರದು, ಮತ್ತು ಅದು ಬಾಕ್ಸಿಂಗ್. 1984ರ ಕರಾಟೆ ಚಾಂಪ್‌ನಲ್ಲಿ ಲೈಫ್ ಬಾರ್ ಇರಲಿಲ್ಲ. ಹಿಂದೆ ತೀರ್ಪುಗಾರ ನಿಂತಿರುತ್ತಿದ್ದ, ಒಳ್ಳೆಯ ಏಟಿಗೆ ಪೂರ್ತಿ ಪಾಯಿಂಟ್, ಅಷ್ಟಕ್ಕಷ್ಟೆ ಏಟಿಗೆ ಅರ್ಧ ಪಾಯಿಂಟ್, ಥೇಟ್ ಕರಾಟೆ ಪಂದ್ಯದ ಹಾಗೆ. ಆವತ್ತು ಅದನ್ನು ಸ್ಪೋರ್ಟ್ಸ್ ಅಂದರೂ ತಪ್ಪಿರಲಿಲ್ಲ. ಮುಂದಿನ ಗೇಮುಗಳು ತೀರ್ಪುಗಾರನನ್ನು ಮನೆಗೆ ಕಳಿಸಿ ಆ ಜಾಗದಲ್ಲಿ ಲೈಫ್ ಬಾರ್ ಇಟ್ಟವು. ಫೈಟಿಂಗ್ ಬೇರೆ ಮನೆ ಮಾಡಿದ್ದು ಅಲ್ಲಿಂದ.

ಆಡುವವರು ಏನೆಂದು ಬೈಯುತ್ತಾರೆ, ಕೇಳಿಸಿಕೊಳ್ಳಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬುವಂಥ ಪರೀಕ್ಷೆ ಇದು. ಸೋತ ಹುಡುಗ ಕಂಟ್ರೋಲರ್ ಕೆಳಗಿಟ್ಟು ಏನು ಗೊಣಗುತ್ತಾನೆ ಎಂದು ಗಮನಿಸಿ.

ಸ್ಪೋರ್ಟ್ಸ್ ಗೇಮಾದರೆ ದೂರು ಹೀಗಿರುತ್ತದೆ: "ನಿಜವಾಗಿ ಹೀಗಾಗಲ್ಲ." ಆ ಬೌಲರ್ ಅಷ್ಟು ವೇಗ ಹಾಕುವುದಿಲ್ಲ, ಆ ಗೋಲ್‌ಕೀಪರ್ ಇಂಥ ಚೆಂಡು ಬಿಡುವುದಿಲ್ಲ, ತಂಡದ ಜರ್ಸಿ ಹಳೆಯದು, ಮಾರಿದ ಆಟಗಾರ ಇನ್ನೂ ಇಲ್ಲೇ ಇದ್ದಾನೆ. ಗೇಮನ್ನು ಹೊರಗಿನ ಲೋಕದ ಪಕ್ಕ ಇಟ್ಟು ಅಳೆಯುತ್ತಾರೆ. ವರ್ಷ ವರ್ಷ ಹೊಸ ಫುಟ್‌ಬಾಲ್ ಗೇಮ್ ಮಾರಾಟ ಆಗುವುದು ಹೊರಗಿನ ತಂಡಗಳು ಬದಲಾಗುತ್ತವೆ ಎಂಬ ಕಾರಣಕ್ಕೇ. ಐಪಿಎಲ್ ಶುರುವಾದದ್ದು 2008ರಲ್ಲಿ, ಕ್ರಿಕೆಟ್ 07 ಬಂದ ಮೇಲೆ. ಆದರೂ ಅಭಿಮಾನಿಗಳು ತಾವೇ ಪ್ಯಾಚ್ (ಗೇಮಿಗೆ ಹಾಕುವ ತೇಪೆ) ಮಾಡಿ ಅದರೊಳಗೆ ಐಪಿಎಲ್ ತಂಡ, ಜರ್ಸಿ, ಹೊಸ ಹುಡುಗರನ್ನೆಲ್ಲ ತುರುಕಿದರು. ಗೇಮಿನ ಆಟ ಹಳೆಯದಾದರೂ ಪರವಾಗಿಲ್ಲ, ಹೆಸರುಗಳು ಹೊಸದಾಗಿರಬೇಕು! ಒಂದು ಮಾತು ಸೇರಿಸಬೇಕು. ಹೊರಗಿನ ಲೋಕ ಅಂದೆ ನಿಜ, ಆದರೆ ಇವು ಅಸಲಿಗೆ ಹೋಲುವುದು ಮೈದಾನವನ್ನಲ್ಲ, ಟಿವಿಯನ್ನು. ಕ್ಯಾಮೆರಾ ಮೇಲೆ ಇರುತ್ತದೆ, ಔಟಾದರೆ ರಿಪ್ಲೇ ಬರುತ್ತದೆ, ಕ್ರಿಕೆಟ್ 07ರಲ್ಲಿ ಕಾಮೆಂಟರಿಗೆ ರಿಚಿ ಬೆನೋ ಮತ್ತು ಮಾರ್ಕ್ ನಿಕೋಲಸ್ ದನಿಯೇ ಇತ್ತು. ಬ್ಯಾಟ್ ಹಿಡಿದವನ ಕಣ್ಣಿಗೆ ಮೈದಾನ ಹೇಗೆ ಕಾಣುತ್ತದೆ ಎಂಬುದು ಹೆಚ್ಚಿನ ಗೇಮುಗಳಿಗೆ ಬೇಕಿಲ್ಲ, ಸೋಫಾದಲ್ಲಿ ಕೂತವನಿಗೆ ಹೇಗೆ ಕಾಣುತ್ತದೆ ಎಂಬುದು ಬೇಕು.

ಫೈಟಿಂಗ್ ಗೇಮಾದರೆ ದೂರು ಬೇರೆ: "ಇದು ಸಮ ಇಲ್ಲ." ಆ ಕ್ಯಾರೆಕ್ಟರ್ ಜಾಸ್ತಿ ಬಲಶಾಲಿ, ಆ ಒದೆಗೆ ಉತ್ತರವೇ ಇಲ್ಲ, ಅದನ್ನು ಕಡಿಮೆ ಮಾಡಬೇಕು. ನಿಜ ಜೀವನದಲ್ಲಿ ಯಾರೂ ಕೈಯಿಂದ ಬೆಂಕಿ ಬಿಡುವುದಿಲ್ಲ ಎಂದು ಒಬ್ಬರೂ ಬೈಯುವುದಿಲ್ಲ. 1994ರ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೋದಲ್ಲಿ ಅಕುಮಾ ಎಂಬ ಗುಟ್ಟಿನ ಕ್ಯಾರೆಕ್ಟರ್ ಎಷ್ಟು ಬಲಶಾಲಿ ಎಂದರೆ ಸ್ಪರ್ಧೆಗಳಲ್ಲಿ ಅವನನ್ನು ನಿಷೇಧಿಸಿದರು. ಅದೇ ಫುಟ್‌ಬಾಲ್ ಗೇಮಿನಲ್ಲಿ ಮೆಸ್ಸಿ ಜಾಸ್ತಿ ಚೆನ್ನಾಗಿ ಆಡುತ್ತಾನೆ ಎಂದು ಯಾರಾದರೂ ನಿಷೇಧ ಕೇಳುತ್ತಾರೆಯೇ? ಅವನು ಚೆನ್ನಾಗಿ ಆಡಲೇಬೇಕು, ಆಡದಿದ್ದರೆ ಆಗ ದೂರು. ಒಂದು ಕಡೆ ತಯಾರಕರು ನ್ಯಾಯ ಕೊಡಬೇಕು, ಇನ್ನೊಂದು ಕಡೆ ಹೋಲಿಕೆ ಕೊಡಬೇಕು. ಈ ವ್ಯತ್ಯಾಸ ಹಿಡಿದರೆ ಗಡಿಯ ಮೇಲೆ ಕೂತ ಗೇಮುಗಳಲ್ಲಿ ಮುಕ್ಕಾಲು ಪಾಲು ತಾವಾಗಿ ಒಂದು ಕಡೆ ಉರುಳುತ್ತವೆ.

ಗಡಿಯ ಮೇಲಿನವರು

ಬಾಕ್ಸಿಂಗ್‌ನಿಂದ ಶುರು ಮಾಡೋಣ. ಫೈಟ್ ನೈಟ್ ಸರಣಿಯ ಗೇಮುಗಳು, ಗುದ್ದು ಒದೆ ಕುಸ್ತಿ ಎಲ್ಲ ಸೇರಿದ ಪಂದ್ಯದ ಯುಎಫ್‌ಸಿ ಗೇಮುಗಳು, ಇವುಗಳಲ್ಲಿ ನಿಜವಾದ ಆಟಗಾರರ ಹೆಸರು ಮುಖ ಇರುತ್ತದೆ. ನಿಯಮ ಹೊರಗಿನದು, ದಣಿವು, ಗಾಯ, ತೀರ್ಪುಗಾರರ ಅಂಕ ಎಲ್ಲ ಇರುತ್ತದೆ. ದೂರೂ 'ನಿಜದ ಹಾಗಿಲ್ಲ' ಎಂಬುದೇ. ಸ್ಪೋರ್ಟ್ಸ್‌ಗೆ ಹಾಕಿ. ಆದರೆ ನಿಂಟೆಂಡೋದ ಪಂಚ್-ಔಟ್ ಬಾಕ್ಸಿಂಗ್ ಗ್ಲೌಸ್ ಹಾಕಿಕೊಂಡ ಬೇರೆಯೇ ಪ್ರಾಣಿ. ಎದುರಿನವನು ಹೊಡೆಯುವ ಮುಂಚೆ ಒಂದು ಸನ್ನೆ ಕೊಡುತ್ತಾನೆ, ಅದನ್ನು ಕಲಿತು ತಪ್ಪಿಸಿಕೊಂಡು ಹೊಡೆಯಬೇಕು. ಅದು ಲಯ ಹಿಡಿಯುವ ಒಗಟು, ಸ್ಪರ್ಧೆಗೆ ಇಡುವಂಥದ್ದಲ್ಲ.

ಡಬ್ಲ್ಯುಡಬ್ಲ್ಯುಇ ವಿಷಯ ಮಜವಾಗಿದೆ. ನಿಜವಾದ ಡಬ್ಲ್ಯುಡಬ್ಲ್ಯುಇಯಲ್ಲಿ ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನ ಆಗಿರುತ್ತದೆ, ಗೇಮಿನಲ್ಲಿ ಮಾತ್ರ ನಿಜವಾದ ಪೈಪೋಟಿ. ಅಸಲಿಗಿಂತ ನಕಲಿಯೇ ಹೆಚ್ಚು ಕ್ರೀಡೆ! ಆದರೂ ಅದರ ಅಭಿಮಾನಿಗಳ ಗೊಣಗಾಟ ಕೇಳಿ. ಎಂಟ್ರಿ ಮ್ಯೂಸಿಕ್ ಸರಿಯಿಲ್ಲ, ನನ್ನ ಪೈಲ್ವಾನನ ಹೊಸ ವೇಷ ಇಲ್ಲ. ಇದು ಹೋಲಿಕೆಯ ದೂರು, ನ್ಯಾಯದ ದೂರಲ್ಲ. ಹಾಗಾಗಿ ನಾನು ಸ್ಪೋರ್ಟ್ಸ್ ಪಟ್ಟಿಗೇ ಸೇರಿಸುತ್ತೇನೆ, ಹುಡುಗರು ಎಷ್ಟು ಮುಖ ಉಬ್ಬಿಸಿಕೊಂಡರೂ.

ರಾಕೆಟ್ ಲೀಗ್ 2015ರದು. ಇಲ್ಲಿ ನನ್ನ ಪರೀಕ್ಷೆ ಸ್ವಲ್ಪ ಎಡವುತ್ತದೆ. ಕಾರು ಗೋಡೆ ಹತ್ತುತ್ತದೆ, ಗಾಳಿಯಲ್ಲಿ ಹಾರುತ್ತದೆ, ಅಂಥ ಕ್ರೀಡೆ ಹೊರಗೆಲ್ಲೂ ಇಲ್ಲ. ಆದರೆ ಚೆಂಡು, ಗೋಲು, ತಂಡ, ಪಾಸ್, ಐದು ನಿಮಿಷದ ಗಡಿಯಾರ ಇದೆ. ಫುಟ್‌ಬಾಲ್ ನೋಡಿದ ಯಾರಿಗಾದರೂ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ. ಕಾರಿನ ವೇಷದ ಫುಟ್‌ಬಾಲ್ ಎಂದುಕೊಂಡು ಸ್ಪೋರ್ಟ್ಸ್ ಅನ್ನಿ. 1993ರ ಎನ್‌ಬಿಎ ಜ್ಯಾಮ್ ಕೂಡ ಇದೇ ಜಾತಿ, ಸತತ ಮೂರು ಬಾಸ್ಕೆಟ್ ಹಾಕಿದವನ ಕೈಲಿ ಚೆಂಡಿಗೆ ಬೆಂಕಿ ಹತ್ತುತ್ತದೆ, ಆದರೂ ಅದು ಬಾಸ್ಕೆಟ್‌ಬಾಲೇ.

ಸೈಬರ್ ಕೆಫೆ ದಿನಗಳ ರೋಡ್ ರ‍್ಯಾಶ್? ಪಕ್ಕದ ಬೈಕಿನವನಿಗೆ ಚೈನಿನಿಂದ ಹೊಡೆಯುತ್ತಿದ್ದೆವು ನಿಜ, ಗೆಲ್ಲುತ್ತಿದ್ದುದು ಮೊದಲು ಗುರಿ ಮುಟ್ಟಿದವನು. ರೇಸಿಂಗ್. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ರಾಜಿಯಲ್ಲಿ ತ್ರಿಶೂಲ ಹಿಡಿದ ಹುಡುಗಿ ಕೊನೆಯವರೆಗೂ ಹೊಡೆದಾಡುತ್ತಾಳೆ, ಆದರೆ ಕಥೆ ಇದೆ, ಹತ್ತಿ ಇಳಿದು ಹೋಗುವ ದಾರಿ ಇದೆ, ಎದುರಿಗೆ ಸಮಬಲದ ಇನ್ನೊಬ್ಬ ಆಟಗಾರ ಇಲ್ಲ. ಅದು ಆ್ಯಕ್ಷನ್ ಅಡ್ವೆಂಚರ್.

ಸ್ಮ್ಯಾಶ್ ಬ್ರೋಸ್ ಬಗ್ಗೆ ಫೈಟಿಂಗ್ ಮಂದಿಯ ನಡುವೆಯೇ ಬಹಳ ಕಾಲ ಜಗಳ ಇತ್ತು. 1999ರಲ್ಲಿ ಬಂದ ಈ ಗೇಮಿನಲ್ಲಿ ಲೈಫ್ ಬಾರ್ ಖಾಲಿಯಾಗುವುದಿಲ್ಲ. ಏಟು ಬಿದ್ದಷ್ಟೂ ಶೇಕಡಾ ಏರುತ್ತದೆ, ಏರಿದಷ್ಟೂ ದೂರ ಹಾರುತ್ತೀರಿ, ವೇದಿಕೆಯಿಂದ ಆಚೆ ಬಿದ್ದರೆ ಹೋಯಿತು. ನಾಲ್ಕು ಜನ ಒಟ್ಟಿಗೆ ಆಡಬಹುದು. ಮಕ್ಕಳ ಪಾರ್ಟಿ ಗೇಮ್ ಎಂದು ಹಳಬರು ಮೂಗು ಮುರಿದರು. 2013ರಲ್ಲಿ ಫೈಟಿಂಗ್ ಗೇಮುಗಳ ದೊಡ್ಡ ಕೂಟವಾದ ಇವೋದಲ್ಲಿ ಒಂದು ಗೇಮಿಗೆ ಜಾಗ ಕೊಡಲು ಸ್ತನ ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಎತ್ತಿ, ಯಾವ ಗೇಮಿನ ಹೆಸರಲ್ಲಿ ಜಾಸ್ತಿ ಹಣ ಬರುತ್ತದೋ ಅದಕ್ಕೆ ಎಂದರು. ಇದೇ ಸರಣಿಯ ಸ್ಮ್ಯಾಶ್ ಬ್ರೋಸ್ ಮೆಲೀ ಗೆದ್ದಿತು. ಜಾನರಿನ ಬಾಗಿಲು ಕೆಲವೊಮ್ಮೆ ಹೀಗೂ ತೆರೆಯುತ್ತದೆ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ 2014ರಿಂದ ಆಡುವವರೇ ಗೇಮಿಗೆ ಟ್ಯಾಗ್ ಹಾಕಬಹುದು, ಹಾಗಾಗಿ ಅಲ್ಲಿ ಒಂದೇ ಗೇಮಿನ ಕೆಳಗೆ ಐದಾರು ಜಾನರ್ ಕಂಡರೆ ಗಾಬರಿ ಬೇಡ. ಹುಡುಕಲು ಅದು ಒಳ್ಳೆಯದು, ಬಹುಮಾನ ಹಂಚಲು ಉಪಯೋಗಕ್ಕೆ ಬರುವುದಿಲ್ಲ.

ಇ-ಸ್ಪೋರ್ಟ್ಸ್ ಎಂಬ ಹೆಸರು ಕೇಳಿ ಎಲ್ಲವೂ ಸ್ಪೋರ್ಟ್ಸ್ ತಾನೇ ಎಂದು ಕಮಿಟಿಯ ಹಿರಿಯರೊಬ್ಬರು ಖಂಡಿತ ಕೇಳುತ್ತಾರೆ. ಅದು ಸ್ಪರ್ಧೆಯ ಹೆಸರು, ಗೇಮಿನ ಬಗೆಯದ್ದಲ್ಲ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಪದಕಕ್ಕೆ ಆಡಿದ ಏಳು ಗೇಮುಗಳಲ್ಲಿ ಸ್ಟ್ರೀಟ್ ಫೈಟರ್ 5 ಇತ್ತು, ಫುಟ್‌ಬಾಲ್ ಗೇಮೂ ಇತ್ತು. ಒಂದೇ ಚಪ್ಪರ, ಬೇರೆ ಬೇರೆ ಜಾನರ್ ಎಂದು ಅವರಿಗೆ ಹೇಳಿ ಚಹಾ ಕೊಡಿ.

ನೋಟಿಸ್ ಬರೆಯುವಾಗ

ಜಾನರ್ ಗೊತ್ತಾದ ಮೇಲೆ ನಿಮ್ಮ ಕೆಲಸವೂ ಬದಲಾಗುತ್ತದೆ. ಸ್ಪೋರ್ಟ್ಸ್ ಗೇಮಿನಲ್ಲಿ ತಂಡಗಳು ಹುಟ್ಟಾ ಅಸಮ, ಯಾಕೆಂದರೆ ಹೊರಗಿನ ಲೋಕ ಅಸಮ. ಬಿಟ್ಟರೆ ಎಲ್ಲ ಹುಡುಗರೂ ರಿಯಲ್ ಮ್ಯಾಡ್ರಿಡ್ ತೆಗೆದುಕೊಳ್ಳುತ್ತಾರೆ. ಇಬ್ಬರಿಗೂ ಸಮ ಬಲದ ತಂಡ ನೀವೇ ಗೊತ್ತು ಮಾಡಿ, ಅಥವಾ ಚೀಟಿ ಎತ್ತಿಸಿ. ಅರ್ಧಕ್ಕೆ ಎಷ್ಟು ನಿಮಿಷ, ಕ್ರಿಕೆಟ್ ಆದರೆ ಎಷ್ಟು ಓವರ್, ಡ್ರಾ ಆದರೆ ಏನು ಎಂದು ಬರೆದಿಡಿ. ಆರತಿಯ ಹೊತ್ತಿಗೆ ಮುಗಿಯಬೇಕಾದರೆ ಐದು ಓವರ್ ಸಾಕು.

ಫೈಟಿಂಗ್‌ನಲ್ಲಿ ಕ್ಯಾರೆಕ್ಟರ್ ಆಯ್ಕೆ ಅವರವರಿಗೇ ಬಿಡಿ, ಸಮ ಮಾಡುವ ಕೆಲಸ ತಯಾರಕರದ್ದು. ದೊಡ್ಡ ಸ್ಪರ್ಧೆಗಳಲ್ಲಿ ನಡೆಯುವ ಪದ್ಧತಿ ಒಂದಿದೆ, ಅದನ್ನು ತನ್ನಿ: ಒಂದು ಪಂದ್ಯ ಗೆದ್ದವನು ಅದೇ ಕ್ಯಾರೆಕ್ಟರ್ ಜೊತೆ ಮುಂದುವರಿಯಬೇಕು, ಸೋತವನು ಬೇಕಾದರೆ ಬದಲಾಯಿಸಬಹುದು. ಪಂದ್ಯಗಳು ಬೇಗ ಮುಗಿಯುವುದರಿಂದ ಒಂದೇ ಸೋಲಿಗೆ ಮನೆಗೆ ಕಳಿಸಬೇಡಿ, ಮೂರರಲ್ಲಿ ಎರಡು ಇಡಿ. ಮಕ್ಕಳು ತಮ್ಮ ಕಂಟ್ರೋಲರ್ ತಂದರೆ ಬೇಡ ಅನ್ನಬೇಡಿ, ಕೈಗೆ ರೂಢಿಯಾದದ್ದು ಇಲ್ಲಿ ಬಹಳ ಲೆಕ್ಕಕ್ಕೆ ಬರುತ್ತದೆ.

ಗೇಮನ್ನು ನಡುವೆ ನಿಲ್ಲಿಸುವ ಪಾಝ್ ಬಟನ್ ವಿಷಯ ಮರೆಯಬೇಡಿ. ಕ್ರಿಕೆಟಿನಲ್ಲಿ ಎರಡು ಚೆಂಡುಗಳ ನಡುವೆ ಪಾಝ್ ಮಾಡಿ ಅಮ್ಮನ ಫೋನ್ ಎತ್ತಿದರೆ ಏನೂ ಹಾಳಾಗುವುದಿಲ್ಲ. ಫೈಟಿಂಗ್‌ನಲ್ಲಿ ಕಾಂಬೋ ನಡುವೆ ಒಂದು ಕ್ಷಣ ಪಾಝ್ ಆದರೂ ಎದುರಿನವನ ಲೆಕ್ಕವೆಲ್ಲ ಕೆಡುತ್ತದೆ, ಬೇಕಂತಲೇ ಒತ್ತುವ ಕಿಲಾಡಿಗಳೂ ಇರುತ್ತಾರೆ. ನಡುವೆ ಪಾಝ್ ಒತ್ತಿದವನು ಆ ಸುತ್ತು ಸೋತ ಹಾಗೆ ಎಂದು ಮೊದಲೇ ದಪ್ಪ ಅಕ್ಷರದಲ್ಲಿ ಬರೆಯಿರಿ, ಮರಾಠಿಯಲ್ಲೂ ಬರೆಯಿರಿ, ಆಮೇಲೆ ಹೇಳಿರಲಿಲ್ಲ ಅನ್ನಬಾರದು.